ಮನವ, ಮಾನವ ಆದಾಗ: ವಾಸ್ಕೋದ ನಮ್ಮ ಕನ್ನಡ ಗಾನವೃಂದ

ನಾನು ಶಿವಮೊಗ್ಗ ಕಡೆಯವನು. ಗೋವಾದ ವಾಸ್ಕೋಗೆ ಬಂದು 11 ವರ್ಷ ಆಯ್ತು. ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಕಥೋಲಿಕ ಚರ್ಚಿನಲ್ಲಿ, ಪೂಜೆ ಎಲ್ಲ ಕೊಂಕಣಿಯಲ್ಲಿ, ಒಂದೆರಡು ಇಂಗ್ಲಿಷಿನಲ್ಲಿ. ಹಾವೇರಿ, ಗದಗ, ಬೆಳಗಾವಿ ಕಡೆಯಿಂದ ದುಡಿಯಲು ಬಂದ ನಮ್ಮವರಿಗೆ ತಿಂಗಳಿಗೊಂದು ಭಾನುವಾರ ಸಂಜೆ ಕನ್ನಡ ಬಲಿಪೂಜೆ (ಮಾಸ್) ಇದೆ. ಅದಕ್ಕೆ ಹಾಡುವವರು ನಾವು 9 ಜನ. ಬಂದರಿನಲ್ಲಿ ಕೆಲಸ ಮಾಡುವ ಇಬ್ಬರು, ಒಬ್ಬರು ನರ್ಸ್, ಮನೆಕೆಲಸಕ್ಕೆ ಹೋಗುವ ಮೂವರು ಅಕ್ಕಂದಿರು, ಕೀಬೋರ್ಡಿಗೆ ಒಬ್ಬ ಕಾಲೇಜು ಹುಡುಗ, ಎಂಟನೇ ಕ್ಲಾಸಿನ ಒಬ್ಬ ಹುಡುಗಿ, ಮತ್ತೆ ನಾನು.

ಮೊದಲ ಎರಡು ವರ್ಷ ನಾವು ಚೆನ್ನಾಗಿಯೇ ಹಾಡಿದೆವು. ಆದರೆ ಜನ ಹಾಡಲಿಲ್ಲ. ಪುಸ್ತಕ ಹಿಡಿದು ಸುಮ್ನೆ ನಿಂತಿರುತ್ತಿದ್ದರು. ಜನರಿಗೆ ಆಸಕ್ತಿ ಇಲ್ಲ ಅಂತ ನಾನು ಅಂದುಕೊಂಡಿದ್ದೆ. ಒಂದು ದಿನ ಪೂಜೆ ಮುಗಿದ ಮೇಲೆ ಹಾವೇರಿ ಕಡೆಯ ಒಬ್ಬ ಅಜ್ಜ ನನ್ನ ಕೈ ಹಿಡಿದು, "ತಮ್ಮಾ, ನೀವು ಚಲೋ ಹಾಡ್ತೀರಿ. ಆದ್ರ ನಮಗ ಹಾಡಾಕ ಜಾಗಾನ ಇಲ್ಲ" ಅಂದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಜಾಗ ಇಲ್ಲದ್ದಕ್ಕೆ ಮೊದಲ ಕಾರಣ ಶ್ರುತಿ. ನಾವು ರೆಕಾರ್ಡಿಂಗ್ ಕೇಳಿ ಅದೇ ಶ್ರುತಿಯಲ್ಲಿ ಹಾಡುತ್ತಿದ್ದೆವು. ಅಲ್ಲಿ ಹಾಡಿದವರು ಕಲಿತು ಹಾಡುವವರು. ಇಡೀ ವಾರ ದುಡಿದು ಬಂದು ಬೆಂಚಿನಲ್ಲಿ ನಿಂತವರಿಗೆ ಮೇಲಿನ ಎಫ್ ಸ್ವರ ಎಲ್ಲಿಂದ ಬರಬೇಕು? ಈಗ ಯಾವ ಹಾಡು ತೆಗೆದುಕೊಂಡರೂ ಮೊದಲು ಅದರ ಎತ್ತರದ ಸ್ವರ ಯಾವುದು ಅಂತ ಹುಡುಕುತ್ತೇವೆ. ಅದು ಡಿ ದಾಟಿದರೆ ಹಾಡನ್ನು ಇಳಿಸುತ್ತೇವೆ. ಎಫ್ ಇದ್ದರೆ ಕೀಬೋರ್ಡಿನ ಟ್ರಾನ್ಸ್‌ಪೋಸ್ ಮೈನಸ್ 3, ಅಂದರೆ ಮೂರು ಅರೆಸ್ವರ ಕೆಳಗೆ, ಅಷ್ಟೇ. ನಮ್ಮ ನರ್ಸ್ ಅಕ್ಕನದು ಮೇಲಿನ ಸ್ವರಗಳಲ್ಲಿ ಹೊಳೆಯುವ ದನಿ, ಅವರಿಗೆ ಮೊದಮೊದಲು ಬೇಜಾರಾಯ್ತು. ಆದರೆ ಮೂರನೇ ತಿಂಗಳಿಗೆ ಹಿಂದಿನ ಬೆಂಚುಗಳಿಂದ ಗಂಡಸರ ದನಿ ಕೇಳಿ ಬಂದಾಗ ಅವರೇ ತಿರುಗಿ ನೋಡಿ ನಕ್ಕರು.

ಎರಡನೆಯದು ಮಾತಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಹಾಡು ಕಟ್ಟುವ ಎಲ್ಲರಿಗೂ ಇದು ಬೇಕು.

ಇಲ್ಲಿನ ಒಂದು ಕೊಂಕಣಿ ಧಾಟಿ ನನಗೆ ತುಂಬಾ ಇಷ್ಟ. ಕಾಣಿಕೆ ಹೊತ್ತಿಗೆ ಅದಕ್ಕೆ ನಾನೇ ಕನ್ನಡದಲ್ಲಿ ಸಾಲು ಬರೆದೆ: "ಮನವ ತರುವೆ ನಿನ್ನ ಬಳಿಗೆ". ಧಾಟಿಯ ಮೊದಲ ಸ್ವರ ಎರಡು ತಾಳದಷ್ಟು ಉದ್ದ. ಪ್ರಾಕ್ಟೀಸಿನಲ್ಲಿ ಒಬ್ಬ ಅಕ್ಕ ಕೇಳಿದರು, "ಅಣ್ಣಾರ, ಮಾನವನ್ನ ಯಾಕ ತರ್ತೀವಿ?" ಹೌದಲ್ವಾ! ಉದ್ದ ಸ್ವರಕ್ಕೆ ಸಿಕ್ಕಿ 'ಮನವ' ಹೋಗಿ 'ಮಾನವ' ಆಗಿತ್ತು. ಆಮೇಲೆ ನಮ್ಮ ಹಳೆಯ ಹಾಡುಗಳನ್ನೆಲ್ಲ ತೆಗೆದು ನೋಡಿದರೆ ಇದೇ ಕಥೆ. 'ಬಲಿ' 'ಬಾಲಿ' ಆಗಿದೆ, 'ಹಲವು' 'ಹಾಲವು' ಆಗಿದೆ. ಕೇಳುವವರಿಗೆ ಅರ್ಥ ಹತ್ತದಿದ್ದರೆ ಹಾಡು ಬಾಯಿಗೆ ಬರುವುದು ಹೇಗೆ?

ನಮ್ಮ ಬೀದಿಯಲ್ಲಿ ಒಬ್ಬರು ವಯಸ್ಸಾದ ಮೆಸ್ತ್ರೆ ಇದ್ದಾರೆ. ಗೋವಾದ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಗಾನವೃಂದ ನಡೆಸಿ ಮಕ್ಕಳಿಗೆ ಸಂಗೀತ ಹೇಳಿಕೊಡುವವರಿಗೆ ಆ ಹೆಸರು. ನಾವು ಗಾರೆ ಕೆಲಸದವರಿಗೆ ಮೇಸ್ತ್ರಿ ಅಂತೀವಲ್ಲ, ಅದೂ ಇದೇ ಪೋರ್ಚುಗೀಸ್ ಮಾತಿನಿಂದ ಬಂದದ್ದು. ಇಲ್ಲಿ ಪೋರ್ಚುಗೀಸರ ಕಾಲದಿಂದ ಇಗರ್ಜಿಗಳ ಜೊತೆಗಿದ್ದ ಶಾಲೆಗಳಲ್ಲಿ ಮಕ್ಕಳು ಪಿಟೀಲು ಮುಟ್ಟುವ ಮೊದಲು ದೊ ರೆ ಮಿ (ನಮ್ಮ ಸರಿಗಮದಂಥ ಪಾಶ್ಚಾತ್ಯ ಸ್ವರಗಳು) ಓದುವುದನ್ನು ಕಲಿಯುತ್ತಿದ್ದರು. ಇವರೂ ಹಾಗೆ ಕಲಿತವರು. ಅವರಿಗೆ ಕನ್ನಡ ಬರುವುದಿಲ್ಲ. ನನ್ನ ಸಾಲನ್ನು ಹಾಡಬೇಡ, ಸುಮ್ನೆ ಓದು ಅಂದರು. ನಾಲ್ಕು ಸಲ ಓದಿಸಿದರು. ಓದುವಾಗ ನನ್ನ ಬಾಯಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಮೇಜಿನ ಮೇಲೆ ಬೆರಳಿನಿಂದ ತಟ್ಟಿದರು. ಉದ್ದ ಸ್ವರ ಅಲ್ಲಿ ಬೀಳಬೇಕು, ಬೇರೆಲ್ಲೂ ಅಲ್ಲ ಅಂದರು. ಶಾಲೆಯಲ್ಲಿ ನಾವು ಹಾಕುತ್ತಿದ್ದ ಲಘು ಗುರು ಇದೇ ತಾನೆ! ಮನೆಗೆ ಬಂದು ಸಾಲು ಬದಲಾಯಿಸಿದೆ: "ನನ್ನ ಮನವ ತರುವೆ ದೇವಾ". ಉದ್ದ ಸ್ವರ 'ನನ್' ಮೇಲೆ ಬಿತ್ತು. ಮುಂದೆ ಒತ್ತಕ್ಷರ ಇರುವುದರಿಂದ ಎಷ್ಟು ಎಳೆದರೂ 'ನನ್ನ' ಅಂತಲೇ ಕೇಳುತ್ತದೆ. 'ಮನವ' ಮೂರು ಚಿಕ್ಕ ಸ್ವರಗಳಲ್ಲಿ ಹಗುರವಾಗಿ ದಾಟುತ್ತದೆ. 'ದೇ' ಮತ್ತೆ ಉದ್ದ. ಈಗ ಹೊಸ ಹಾಡು ಬಂದರೆ ನಾವು ಮೊದಲು ಎಲ್ಲರೂ ಕೂತು ಓದುತ್ತೇವೆ, ಪೆನ್ಸಿಲಿನಲ್ಲಿ ಗುರು ಇರುವ ಕಡೆ ಗೆರೆ ಹಾಕುತ್ತೇವೆ, ಆಮೇಲೇ ಕೀಬೋರ್ಡ್ ಆನ್ ಮಾಡುವುದು.

ಇನ್ನೊಂದು ದೊಡ್ಡ ಬದಲಾವಣೆ ಆಮೆನ್‌ನಿಂದ ಬಂತು. 1967ರಲ್ಲಿ ರೋಮ್‌ನಿಂದ 'ಮೂಸಿಕಾಮ್ ಸಾಕ್ರಾಮ್' ಅಂತ ಒಂದು ಸೂಚನೆ ಬಂದಿದೆ. ಪೂಜೆಯಲ್ಲಿ ಏನು ಹಾಡಬೇಕು ಅನ್ನುವುದಕ್ಕೆ ಅದು ಮೂರು ಹಂತ ಹೇಳುತ್ತದೆ. ಮೊದಲ ಹಂತದಲ್ಲಿ ಪೂಜೆ ಮಾಡುವ ಗುರುಗಳೂ ಜನರೂ ಮಾತು ಮರುಮಾತಿನಂತೆ ಹಾಡುವ ಭಾಗಗಳು, 'ಪವಿತ್ರ ಪವಿತ್ರ' ಗೀತೆ, ಪ್ರಭು ಕಲಿಸಿದ ಪ್ರಾರ್ಥನೆ. ಕರುಣೆಯ ಬೇಡಿಕೆ, ಮಹಿಮೆ ಗೀತೆ, ದೇವರ ಕುರಿಮರಿ ಎರಡನೆಯದರಲ್ಲಿ. ಪ್ರವೇಶ, ಕಾಣಿಕೆ, ಪರಮಪ್ರಸಾದದ ಹಾಡುಗಳು ಮೂರನೆಯದರಲ್ಲಿ! ಮೊದಲನೆಯದನ್ನು ಬಿಟ್ಟು ಉಳಿದ ಎರಡನ್ನು ಹಾಡಬಾರದು ಅಂತಲೂ ಇದೆ. ನಾವು ಮಾಡುತ್ತಿದ್ದದ್ದು ಸರಿಯಾಗಿ ಉಲ್ಟಾ. ಕಾಣಿಕೆ ಹಾಡಿಗೆ ಮೂರು ವಾರ ಪ್ರಾಕ್ಟೀಸ್, ಮೊದಲ ಹಂತದ ಆಮೆನ್ ಮಾತ್ರ ಬಾಯಿಮಾತಿನಲ್ಲಿ.

ಕನ್ನಡ ಪೂಜೆಗೆ ಬರುವ ಫಾದರ್ ಹತ್ತಿರ ಹೋಗಿ, ಪೂಜೆಯ ದೊಡ್ಡ ಪ್ರಾರ್ಥನೆಯ ಕೊನೆಯ ಸಾಲನ್ನು ನೀವು ಹಾಡಿದರೆ ನಾವೆಲ್ಲ ಆಮೆನ್ ಹಾಡುತ್ತೇವೆ ಅಂದೆ. "ನನಗೆ ಹಾಡೋಕೆ ಬರಲ್ಲಪ್ಪ" ಅಂದರು. ಮೂರೇ ಸ್ವರದಲ್ಲಿ ಆ ಸಾಲು ಹಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಮುಂದಿನ ಪೂಜೆಗೆ ಮೊದಲು ಜನರಿಗೆ ಎರಡು ನಿಮಿಷ ಆಮೆನ್ ಹೇಳಿಕೊಟ್ಟೆ. ಫಾದರ್ ದನಿ ಸ್ವಲ್ಪ ನಡುಗಿತು, ಆದರೆ ಅವರು ಹಾಡಿದರು. ಆಮೇಲೆ ಬಂದ ಆಮೆನ್ ಇದೆಯಲ್ಲ, ಅದರಲ್ಲಿ ನಮ್ಮ 9 ಜನರ ದನಿ ನನಗೆ ಕೇಳಿಸಲೇ ಇಲ್ಲ.

ಈಸ್ಟರ್ ಹಬ್ಬಕ್ಕೆ ಮೊದಲು ಬರುವ ತಪಸ್ಸು ಕಾಲದ ಬಗ್ಗೆ ಒಂದು ಮಾತು. ಆಗ ಅಲ್ಲೆಲೂಯ ಇಲ್ಲ, ಭಾನುವಾರಗಳಲ್ಲಿ ಮಹಿಮೆ ಗೀತೆ ಇಲ್ಲ. ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ, ನಾಲ್ಕನೇ ಭಾನುವಾರ ಮತ್ತು ಹಬ್ಬಗಳನ್ನು ಬಿಟ್ಟು. ನಾವು ಒಂದು ಹೆಜ್ಜೆ ಮುಂದೆ ಹೋಗಿ ಕೀಬೋರ್ಡ್ ಪೂರ್ತಿ ಮುಚ್ಚಿಬಿಡುತ್ತೇವೆ. ವಾದ್ಯ ಇಲ್ಲದೆ ಹಾಡಿದ ಆ ಆರು ವಾರಗಳಲ್ಲಿ ನಾವು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದನ್ನು ಕಲಿತೆವು.

ಈಗ ಕೆಲಸ ನಡೆದಿರುವುದು ಪೂಜೆಯಲ್ಲಿ ವಾಚನದ ನಂತರ ಹಾಡುವ ಬೈಬಲಿನ ಕೀರ್ತನೆಯ ಮೇಲೆ. ಜನ ಹೇಳುವ ಪಲ್ಲವಿ ಒಂದೇ ಸಾಲು, ಚರಣಗಳು ಒಂದೇ ಸ್ವರದಲ್ಲಿ ಓದಿದಂತೆ ಸಾಗಿ ಕೊನೆಗೆ ಇಳಿಯುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಆ ಇಳಿತ ಸರಿಯಾಗಿ ಅದರ ಮೇಲೆ ಕೂರಬೇಕು. ಎಂಟನೇ ಕ್ಲಾಸಿನ ಹುಡುಗಿ ಇದನ್ನು ನಮಗಿಂತ ಬೇಗ ಹಿಡಿದಳು. ಕೀರ್ತನೆ ಹಾಡಬೇಕಾದ್ದು ವಾಚನ ಓದುವ ಪೀಠದಿಂದ, ಗಾನವೃಂದದ ಮೂಲೆಯಿಂದಲ್ಲ. ಅಲ್ಲಿ ಅವಳಿಗೆ ಮೈಕ್ ಎಟುಕುತ್ತಿರಲಿಲ್ಲ. ಹೋದ ವಾರ ಬಂದರಿನ ಅಣ್ಣ ಒಬ್ಬರು ಹಲಗೆ ತಂದು ಅವಳಿಗೆ ನಿಲ್ಲಲು ಒಂದು ಮಣೆ ಮಾಡಿಕೊಟ್ಟಿದ್ದಾರೆ. ಬರುವ ಪೂಜೆಗೆ ಕೀರ್ತನೆ ಅವಳದೇ.