ಮುನ್ನೂರು ಬೆಳೆಗಾರರ ಆನ್‌ಲೈನ್ ಸಭೆ: ಹನ್ನೆರಡು ಮಂದಿ ಮೀಟ್‌ನಲ್ಲಿ, ಉಳಿದವರು ಯೂಟ್ಯೂಬ್‌ನಲ್ಲಿ

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಮಳೆ ಹಿಡಿದ ಮೇಲೆ ಅಡಿಕೆ ಬೆಳೆಗಾರರನ್ನು ಒಂದೆಡೆ ಸೇರಿಸುವುದು ಕಷ್ಟ. ಹಾಗಾಗಿ ಕೊಳೆರೋಗ, ಎಲೆಚುಕ್ಕೆ ರೋಗದ ಮಾಹಿತಿ ಸಭೆಗಳನ್ನು ನಾವು ಆನ್‌ಲೈನಿನಲ್ಲೇ ನಡೆಸುತ್ತೇವೆ. ಕೇಳುವವರು 250ರಿಂದ 300 ಜನ. ಮಾತಾಡುವವರು ಹತ್ತೋ ಹನ್ನೆರಡೋ. ಸಾಫ್ಟ್‌ವೇರ್ ಆರಿಸುವಾಗ ಎಲ್ಲರೂ ಮೊದಲ ಸಂಖ್ಯೆ ನೋಡುತ್ತಾರೆ. ಖರ್ಚು ಇಳಿಯಬೇಕಾದರೆ ನೋಡಬೇಕಾದ್ದು ಎರಡನೆಯದನ್ನು.

ಉಚಿತ ಖಾತೆಯಲ್ಲಿ ಝೂಮ್ 100 ಜನರನ್ನು 40 ನಿಮಿಷ ಕೂರಿಸುತ್ತದೆ. ಗೂಗಲ್ ಮೀಟ್ ಕೂಡ 100 ಜನ. ಮೂರು ಮತ್ತು ಅದಕ್ಕಿಂತ ಹೆಚ್ಚು ಮಂದಿ ಇದ್ದರೆ 60 ನಿಮಿಷ. ವಾಟ್ಸಾಪ್ ಗ್ರೂಪ್ ಕಾಲ್ 32ಕ್ಕೆ ಮುಗಿಯಿತು. ಹೆಚ್ಚಿನವರು ಎಡವುವುದು ಇದರ ನಂತರ: ದುಡ್ಡು ಕಟ್ಟಿ ಝೂಮ್ ಪ್ರೋ ತೆಗೆದುಕೊಂಡರೂ ಸೇರಬಹುದಾದವರು 100 ಜನರೇ, ಹೆಚ್ಚುವುದು ಸಮಯ ಮಾತ್ರ. 500 ಜನ ಬೇಕೆಂದರೆ ಲಾರ್ಜ್ ಮೀಟಿಂಗ್ ಎಂಬ ಇನ್ನೊಂದು ಚಂದಾ ಅದರ ಮೇಲೆ ಸೇರಬೇಕು, ಜೊತೆಗೆ 18% ಜಿಎಸ್‌ಟಿ.

ಸ್ವಂತ ಸರ್ವರ್‌ನಲ್ಲಿ ಜಿಟ್ಸಿ ಎಂಬ ಸಭೆಯ ಸಾಫ್ಟ್‌ವೇರ್ ಹಾಕಿಕೊಂಡರೆ ಪುಕ್ಕಟೆಯಲ್ಲವೇ ಎಂದು ಕೇಳುವವರಿದ್ದಾರೆ. ಸಾಫ್ಟ್‌ವೇರ್ ಪುಕ್ಕಟೆ, ಬ್ಯಾಂಡ್‌ವಿಡ್ತ್ ಅಲ್ಲ. ಒಬ್ಬರು ಮಾತಾಡುವ ವೀಡಿಯೊ 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್) ಎಂದಿಟ್ಟುಕೊಳ್ಳಿ. 250 ಜನರಿಗೆ ಸರ್ವರ್ ಅದನ್ನು ಬೇರೆ ಬೇರೆಯಾಗಿ ಕಳಿಸಬೇಕು, ಅಂದರೆ 250 ಎಂಬಿಪಿಎಸ್. ಒಂದೂವರೆ ಗಂಟೆಗೆ ಸುಮಾರು 169 ಜಿಬಿ. ಇನ್ನೂ ನಾಲ್ಕು ಮಂದಿ ಕ್ಯಾಮೆರಾ ಹಾಕಿದರೆ ಲೆಕ್ಕ ಮತ್ತೆ ಏರುತ್ತದೆ. ಆದರೂ ಜಿಟ್ಸಿಯೇ ಬೇಕೆನ್ನುವವರು ಸರ್ವರ್‌ನ ಫೈರ್‌ವಾಲ್‌ನಲ್ಲಿ ಯುಡಿಪಿ 10000 ಪೋರ್ಟ್ ತೆರೆದಿದೆಯೇ ನೋಡಿಕೊಳ್ಳಿ. ಮೂರನೆಯವರು ಸೇರಿದ ಕೂಡಲೇ ಮಾತು, ಚಿತ್ರ ಎರಡೂ ಮಾಯವಾದರೆ ಹೆಚ್ಚಾಗಿ ಕಾರಣ ಇದೇ. ಜಿಟ್ಸಿಯಲ್ಲಿ ಚಾನೆಲ್‌ಲಾಸ್ಟ್‌ಎನ್ (channelLastN) ಎಂಬ ಸೆಟ್ಟಿಂಗ್ ಅನ್ನು 4ಕ್ಕೆ ಇಳಿಸಿ. ಒಬ್ಬೊಬ್ಬರಿಗೆ ಹೋಗುವ ವೀಡಿಯೊ ನಾಲ್ಕಕ್ಕೇ ನಿಲ್ಲುತ್ತದೆ. ನಮ್ಮ ಕೆಲಸಕ್ಕೆ ಇಷ್ಟು ರಗಳೆ ಬೇಕಿರಲಿಲ್ಲ.

ನಾವು ಮಾಡುವುದು ಹೀಗೆ. ಮಾತಾಡುವವರೆಲ್ಲ ಉಚಿತ ಮೀಟ್‌ನಲ್ಲಿ. ಒಂದು ಲ್ಯಾಪ್‌ಟಾಪಿನಲ್ಲಿ ಒಬಿಎಸ್ ಸ್ಟುಡಿಯೊ, ಅದೂ ಉಚಿತ. ಅದು ಮೀಟ್ ಕಿಟಕಿಯನ್ನು ಹಿಡಿದು ಯೂಟ್ಯೂಬ್ ಲೈವ್‌ಗೆ ಕಳಿಸುತ್ತದೆ. ಲೈವ್‌ನ ಕೊಂಡಿಯನ್ನು 'ಅನ್‌ಲಿಸ್ಟೆಡ್' (ಕೊಂಡಿ ಇದ್ದವರಿಗೆ ಮಾತ್ರ ಸಿಗುವಂತೆ) ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಾಕುತ್ತೇವೆ. ಎಷ್ಟು ಜನ ನೋಡಿದರೂ ನಮಗೆ ಹೆಚ್ಚಿನ ಖರ್ಚಿಲ್ಲ. ನೆಟ್‌ವರ್ಕ್ ಸಣ್ಣದಿದ್ದವರು 240ಪಿ ಅಥವಾ 144ಪಿಗೆ ಇಳಿಸಿಕೊಳ್ಳುತ್ತಾರೆ. 300 ಕೆಬಿಪಿಎಸ್ ಹಿಡಿದರೂ ಒಂದೂವರೆ ಗಂಟೆಗೆ 200 ಎಂಬಿ ಆಸುಪಾಸು.

ಹೊಸ ಚಾನೆಲ್‌ಗೆ ಲೈವ್ ಅನುಮತಿ ಸಿಗಲು 24 ಗಂಟೆ ಹಿಡಿಯಬಹುದು, ಆದ್ದರಿಂದ ಎರಡು ದಿನ ಮುಂಚೆಯೇ ಫೋನ್ ನಂಬರ್ ದೃಢೀಕರಿಸಿ. ಮೊಬೈಲಿಂದ ನೇರ ಲೈವ್ ಮಾಡಲು 50 ಚಂದಾದಾರರು ಬೇಕು. ಒಬಿಎಸ್‌ನಿಂದ ಕಳಿಸಿದರೆ ಆ ನಿಬಂಧನೆ ಇಲ್ಲ. ಒಬಿಎಸ್‌ನಲ್ಲಿ ನಮ್ಮ ಸೆಟ್ಟಿಂಗ್: 480ಪಿ, ಸಿಬಿಆರ್ (ಏರಿಳಿಯದ ಒಂದೇ ವೇಗ), ವೀಡಿಯೊ 1000 ಕೆಬಿಪಿಎಸ್, ಆಡಿಯೊ 128, ಕೀಫ್ರೇಮ್ 2 ಸೆಕೆಂಡ್. ಮೀಟ್‌ಗೂ ಪಾಲು ಬೇಕಾದ್ದರಿಂದ ಅಪ್‌ಲೋಡ್ 5 ಎಂಬಿಪಿಎಸ್ ಇಲ್ಲದ ಕಡೆ ಕೂರಬೇಡಿ. ಕ್ರೋಮ್ ಕಿಟಕಿ ಕಪ್ಪಾಗಿ ಬಂದರೆ ಕ್ರೋಮ್‌ನ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಮಾಡಿ ಕ್ರೋಮ್ ಮತ್ತೆ ತೆರೆಯಿರಿ.

60 ನಿಮಿಷದ ಮಿತಿಗೆ ಉಪಾಯವಿದೆ. ಮೀಟ್‌ನ ಎರಡನೇ ಕೊಂಡಿಯನ್ನು ಮೊದಲೇ ಮಾತಾಡುವವರ ಕೈಗೆ ಕೊಟ್ಟಿರುತ್ತೇವೆ. 55ನೇ ನಿಮಿಷಕ್ಕೆ ಒಬಿಎಸ್‌ನಲ್ಲಿ 'ಎರಡು ನಿಮಿಷ ಬಿಡುವು' ಎಂಬ ಸ್ಲೈಡ್ ಹಾಕುತ್ತೇವೆ, ಅದರ ಮರೆಯಲ್ಲಿ ಮಾತಾಡುವವರೆಲ್ಲ ಹೊಸ ಕೊಂಡಿಗೆ ಬರುತ್ತಾರೆ. ಯೂಟ್ಯೂಬ್ ಲೈವ್ ಕಡಿಯುವುದೇ ಇಲ್ಲ.

ಸಭೆ ಕೆಡುವುದು ಚಿತ್ರದಿಂದ ಅಲ್ಲ, ಧ್ವನಿಯಿಂದ. ಲ್ಯಾಪ್‌ಟಾಪಿಗೆ ಹೆಡ್‌ಸೆಟ್ ಸಿಕ್ಕಿಸಿದರೆ ಮೀಟ್‌ನ ಮಾತು ಹೆಡ್‌ಸೆಟ್‌ಗೆ ಹೋಗುತ್ತದೆ, ಒಬಿಎಸ್ ಮಾತ್ರ ಸ್ಪೀಕರ್‌ಗೆ ಕಿವಿಗೊಟ್ಟು ಕೂತಿರುತ್ತದೆ. ಆಗ ಯೂಟ್ಯೂಬ್‌ನಲ್ಲಿ ನಿರೂಪಕರ ಧ್ವನಿ ಬರುತ್ತದೆ, ತಜ್ಞರದ್ದು ಬರುವುದಿಲ್ಲ. ಒಬಿಎಸ್‌ನ ಡೆಸ್ಕ್‌ಟಾಪ್ ಆಡಿಯೊದಲ್ಲಿ ಅದೇ ಹೆಡ್‌ಸೆಟ್ ಆರಿಸಿ, ಬೇರೆಯವರು ಮಾತಾಡುವಾಗ ಹಸಿರು ಪಟ್ಟಿ ಕುಣಿಯುತ್ತದೆಯೇ ನೋಡಿ. ಯೂಟ್ಯೂಬ್ ಪುಟವನ್ನು ಅದೇ ಲ್ಯಾಪ್‌ಟಾಪಿನಲ್ಲಿ ತೆರೆದರೆ ಮಾತು ಸುತ್ತು ಹೊಡೆದು ಮತ್ತೆ ಬರುತ್ತದೆ. ಅದಕ್ಕೊಂದು ಬೇರೆ ಫೋನ್, ಇಯರ್‌ಫೋನ್ ಹಾಕಿ.

ಎಲೆಚುಕ್ಕೆ ತೋರಿಸುವುದೇ ಸಭೆಯ ಜೀವಾಳ. ತೋಟದಿಂದ ತಂದ ಸೋಗೆಯನ್ನು ಕ್ಯಾಮೆರಾ ಮುಂದೆ ಹಿಡಿದರೆ ಏನೂ ಕಾಣುವುದಿಲ್ಲ; ಕೈ ಅಲುಗಿದಷ್ಟೂ ಕಂದು ಚುಕ್ಕೆ, ಅದರ ಸುತ್ತಲಿನ ಹಳದಿ ಅಂಚು ಕಲಸಿ ಒಂದಾಗುತ್ತವೆ. ಹಗಲು ಬೆಳಕಿನಲ್ಲಿ ಫೋಟೊ ತೆಗೆದು, ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ತರಿಸಿ ಸ್ಲೈಡ್‌ಗೆ ಹಾಕಿ, ಹತ್ತು ಸೆಕೆಂಡಾದರೂ ಅಲುಗಾಡಿಸದೆ ಬಿಡಿ. ಅಳತೆಗಳೂ ಹಾಗೆಯೇ. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದನ್ನು ಬಾಯಲ್ಲಿ ಮಾತ್ರ ಹೇಳಿದರೆ ಧ್ವನಿ ಕಡಿದಲ್ಲಿ ಯಾರೋ ಒಬ್ಬರು ತಪ್ಪು ಅಳತೆ ಬರೆದುಕೊಳ್ಳುತ್ತಾರೆ. ತೋಟದ ಮಾತು ಇದು, ಬರಹದಲ್ಲಿ ತೋರಿಸಲೇಬೇಕು.

ಕರೆಂಟು ಹೋಗುವುದಂತೂ ಖಂಡಿತ. ರೂಟರ್‌ಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕುವವರು ಫೈಬರ್ ಪೆಟ್ಟಿಗೆ ಬೇರೆಯಿದ್ದರೆ ಅದನ್ನು ಮರೆಯುತ್ತಾರೆ. ಎರಡಕ್ಕೂ ಬೇಕು. ಮರ ಬಿದ್ದು ಫೈಬರೇ ತುಂಡಾದರೆ ಬೇರೆ ಕಂಪನಿಯ ಸಿಮ್ ಇರುವ ಹಾಟ್‌ಸ್ಪಾಟ್ ಸಿದ್ಧವಿರಲಿ. ಒಬಿಎಸ್ ತಾನೇ ಮರುಸಂಪರ್ಕಕ್ಕೆ ಪ್ರಯತ್ನಿಸುತ್ತದೆ.

ಯೂಟ್ಯೂಬ್‌ನಲ್ಲಿ ಮಾತು ಸ್ವಲ್ಪ ತಡವಾಗಿ ತಲುಪುತ್ತದೆ. "ಪ್ರಶ್ನೆ ಇದ್ದರೆ ಹೇಳಿ" ಎಂದು ಕೇಳಿ ಕೂಡಲೇ ಮುಂದೆ ಹೋದರೆ ಯಾರದೂ ಬರುವುದಿಲ್ಲ. ಒಬ್ಬರು ಚಾಟ್ ಮತ್ತು ಒಂದು ಫೋನ್ ನಂಬರ್ ನೋಡಿಕೊಂಡು, ಒಂದೇ ತರದ ಪ್ರಶ್ನೆಗಳನ್ನು ಕೂಡಿಸಿ ತಜ್ಞರಿಗೆ ಓದಿ ಹೇಳಬೇಕು. ಕೇಳಿದವರ ಊರನ್ನೂ ಸೇರಿಸಿ ಓದಿ. ಆಗುಂಬೆ ಕಡೆಯ ಮಳೆಗೂ ಶಿಕಾರಿಪುರದ ಮಳೆಗೂ ಉತ್ತರ ಒಂದೇ ಇರುವುದಿಲ್ಲ.

ಹಾಜರಿ ಹಿಡಿದು ಮತ ಹಾಕಿಸಬೇಕಾದ ಸಭೆಗೆ ಮಾತ್ರ ಈ ದಾರಿ ಆಗದು. ಅಲ್ಲಿ ಎಲ್ಲರೂ ಒಳಗೇ ಇರಬೇಕು, ದುಡ್ಡು ಕೊಡಲೇಬೇಕು. ವರ್ಷದ ಚಂದಾ ಬೇಡ. ಒಂದೇ ತಿಂಗಳಿಗೆ ತೆಗೆದುಕೊಂಡು, ತೆಗೆದುಕೊಂಡ ದಿನವೇ ತಾನಾಗಿ ನವೀಕರಣವಾಗುವುದನ್ನು ರದ್ದು ಮಾಡಿಡಿ.