‘ಸೆಟ್’ ಪದವನ್ನು ನಾನು ಕಲಿಸಿದ ಬಗೆ

ಕನ್ನಡ ಮಾಧ್ಯಮದ ಮಕ್ಕಳನ್ನು ಇಂಗ್ಲಿಷಿನ ಉದ್ದುದ್ದ ಪದಗಳು ಅಷ್ಟಾಗಿ ಕಾಡುವುದಿಲ್ಲ. ‘ಫೋಟೋಸಿಂಥೆಸಿಸ್’ಗೆ ಇರುವುದು ಒಂದೇ ಅರ್ಥ. ಒಮ್ಮೆ ಕಲಿತರೆ ಮುಗಿಯಿತು. ಕಾಡುವುದು ಸೆಟ್, ರನ್, ಪುಟ್, ಗೆಟ್ ತರಹದ ಚಿಕ್ಕ ಪದಗಳು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಇವುಗಳಲ್ಲಿ ‘ಸೆಟ್’ ಅನ್ನು ಮೊದಲು ಆರಿಸಿಕೊಂಡೆ. ಅದನ್ನು ಕಲಿಸಿದ ಬಗೆ ಇತರ ಮೇಷ್ಟ್ರುಗಳಿಗೂ, ಸ್ವಂತವಾಗಿ ಇಂಗ್ಲಿಷ್ ಕಲಿಯುತ್ತಿರುವವರಿಗೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಇದು ಎಷ್ಟು ದೊಡ್ಡ ಪದ ಗೊತ್ತಾ? ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾಗ ಹಿಡಿದಿದ್ದು ಕ್ರಿಯಾಪದವಾದ ‘ಸೆಟ್’. 430ಕ್ಕೂ ಹೆಚ್ಚು ಅರ್ಥಗಳು, ಅವುಗಳ ವಿವರಣೆಗೆ ಸುಮಾರು 60,000 ಪದಗಳು. ಮುಂದೆ ನಿಘಂಟನ್ನು ಪರಿಷ್ಕರಿಸುವಾಗ ‘ರನ್’ ಪದ 645 ಅರ್ಥಗಳೊಂದಿಗೆ ಇದನ್ನು ಹಿಂದೆ ಹಾಕಿತು. ಇಷ್ಟನ್ನೆಲ್ಲ ಪಟ್ಟಿ ಮಾಡಿ ಉರು ಹೊಡೆಸುವುದು ಆಗದ ಮಾತು. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಹಾಗೆ ಕಲಿತಿಲ್ಲ.

ಅದಕ್ಕೇ ಪಟ್ಟಿ ಕೊಡುವ ಬದಲು ಮಕ್ಕಳಿಂದಲೇ ತರಿಸಿದೆ. ಮನೆಯಲ್ಲಿ, ಬೀದಿಯಲ್ಲಿ ‘ಸೆಟ್’ ಎಂದು ಎಲ್ಲೆಲ್ಲಿ ಕೇಳುತ್ತೀರೋ ಅದನ್ನೆಲ್ಲ ಬರೆದುಕೊಂಡು ಬನ್ನಿ ಅಂದೆ. ಸೆಟ್ ದೋಸೆ ಬಂತು, ಒಡವೆ ಸೆಟ್ ಬಂತು. ರೈತರ ಮನೆಯ ಮಕ್ಕಳು ಪಂಪ್‌ಸೆಟ್ ತಂದರು. ಸಿನಿಮಾ ಸೆಟ್, ಟೆನಿಸ್ ಸೆಟ್, ಗಣಿತದ ಸೆಟ್, ಜಾಮಿಟ್ರಿ ಬಾಕ್ಸಿನ ಸೆಟ್ ಸ್ಕ್ವೇರ್ ಬಂದವು. ಗಾರೆ ಕೆಲಸದವರ ಮಗನೊಬ್ಬ, ‘ಸಿಮೆಂಟ್ ಸೆಟ್ ಆಗ್ಲಿ, ಆಮೇಲೆ ನೀರು ಹೊಡಿ’ ಅಂತ ಅಪ್ಪ ಹೇಳುತ್ತಾರೆ ಎಂದು ಬರೆದಿದ್ದ. ಬೋರ್ಡು ತುಂಬಿಹೋಯಿತು. ನಮಗೆ ಇಂಗ್ಲಿಷ್ ಬರೋದೇ ಇಲ್ಲ ಅನ್ನುವ ಮಕ್ಕಳಿಗೆ ಇದನ್ನು ನೋಡಿಯೇ ಅರ್ಧ ಧೈರ್ಯ ಬಂತು.

ಆಮೇಲೆ ಬೋರ್ಡಿನ ನಡುವೆ ಎರಡು ಕನ್ನಡ ಪದ ಬರೆದೆ: ಕೂರು, ಕೂರಿಸು. ನನ್ನ ಪಾಠದ ತಿರುಳು ಇಷ್ಟೇ. ಹಳೆಯ ಇಂಗ್ಲಿಷಿನಲ್ಲಿ ‘ಸಿತ್ತನ್’ ಎಂದರೆ ಕೂರು, ‘ಸೆತ್ತನ್’ ಎಂದರೆ ಕೂರಿಸು. ಅವೇ ಇಂದಿನ ‘ಸಿಟ್’ ಮತ್ತು ‘ಸೆಟ್’. ನಾವು ‘ಇಸು’ ಸೇರಿಸಿ ಓಡು-ಓಡಿಸು, ಬೀಳು-ಬೀಳಿಸು ಮಾಡುತ್ತೇವಲ್ಲ, ಇಂಗ್ಲಿಷಿನ ಪೂರ್ವಜರು ಒಳಗಿನ ಸ್ವರ ಬದಲಿಸಿ ಅದನ್ನೇ ಮಾಡುತ್ತಿದ್ದರು. ಅಂಥ ಜೋಡಿಗಳು ಈಗ ಕೆಲವೇ ಉಳಿದಿವೆ. ‘ಫಾಲ್’ ಎಂದರೆ ಬೀಳು, ‘ಫೆಲ್’ ಎಂದರೆ ಮರ ಕಡಿದು ಬೀಳಿಸು. ‘ಲೈ’ ಎಂದರೆ ಮಲಗು, ‘ಲೇ’ ಎಂದರೆ ಮಲಗಿಸು. ಈ ವಿಷಯದಲ್ಲಿ ಕನ್ನಡದ ಮಕ್ಕಳಿಗೆ ಕಿವಿ ಮೊದಲೇ ತಯಾರಾಗಿರುತ್ತದೆ. ಅದನ್ನು ಬಳಸಿಕೊಳ್ಳದೆ ಇಂಗ್ಲಿಷ್ ಕಲಿಸುವುದು ನನಗೆ ದೊಡ್ಡ ನಷ್ಟ ಅನಿಸುತ್ತದೆ.

ಈಗ ನಾವು ಏನೇನನ್ನು ಕೂರಿಸುತ್ತೇವೆ ಎಂದು ಕೇಳಿದೆ. ಉಂಗುರಕ್ಕೆ ಹರಳು ಕೂರಿಸುತ್ತೇವೆ. ಉಳುಕಿದ ಕೀಲು ಕೂರಿಸುತ್ತಾರೆ. ಈ ಎರಡಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ಸಲ್ಲುತ್ತದೆ, ಮುರಿದ ಮೂಳೆಗೂ ಅದೇ. ಕಲಸಿದ ಸಿಮೆಂಟ್ ಕದಲದೆ ಒಂದು ಕಡೆ ಕೂತು ಗಟ್ಟಿಯಾದರೆ ಅದೂ ‘ಸೆಟ್’. ಸೂರ್ಯ ಮುಳುಗುವುದಕ್ಕೆ ಈ ಪದ ಯಾಕೆ ಸರ್ ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ‘ಸೆಟ್ಲ್‌ಗಾಂಗ್’ ಎನ್ನುತ್ತಿದ್ದರು. ಅಂದರೆ ಪೀಠಕ್ಕೆ ಹೋಗುವುದು. ನಮ್ಮ ಸೂರ್ಯ ಮುಳುಗುತ್ತಾನೆ, ಅವರ ಸೂರ್ಯ ಹೋಗಿ ಕೂರುತ್ತಾನೆ ಎಂದೆ. ಆ ಹುಡುಗಿ ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು.

ಎಲ್ಲವೂ ‘ಕೂರಿಸು’ವಿಗೆ ಒಗ್ಗುವುದಿಲ್ಲ. ಆಗ ‘ಇಡು’ ಕೈಹಿಡಿಯುತ್ತದೆ. ಅಲಾರಂ ಇಡು, ಬೆಂಕಿ ಇಡು, ಮುಹೂರ್ತ ಇಡು. ಮೂರಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ಬರುತ್ತದೆ. ಕನ್ನಡದ ಎರಡು ಪದ ಹಿಡಿದುಕೊಂಡರೆ ಕ್ರಿಯಾಪದದ ಎಷ್ಟೋ ಅರ್ಥಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಸೆಟ್ ದೋಸೆ ಮಾತ್ರ ಬೇರೆ ಕಡೆಯದು. ಗುಂಪು, ಜೊತೆ ಎಂಬ ಅರ್ಥದ ‘ಸೆಟ್’ ಹಳೆಯ ಫ್ರೆಂಚಿನಿಂದ ಬಂದ ನಾಮಪದ. ಅದರ ಮೂಲ ಲ್ಯಾಟಿನ್ನಿನ ‘ಸೆಕ್ಟಾ’. ಪಂಥ ಎಂಬ ಅರ್ಥದ ‘ಸೆಕ್ಟ್’ ಕೂಡ ಅಲ್ಲಿಂದಲೇ ಬಂದದ್ದು. ಕೂರಿಸುವ ‘ಸೆಟ್’, ಗುಂಪಿನ ‘ಸೆಟ್’ ಎರಡೂ ಇಂಗ್ಲಿಷಿನಲ್ಲಿ ಒಂದೇ ರೂಪಕ್ಕೆ ಬಂದು ಒಂದಕ್ಕೊಂದು ಬೆರೆತುಹೋದವು. ಒಟ್ಟಿಗೆ ಬಡಿಸುವ ದೋಸೆಗಳು, ಪಂಪು ಮತ್ತು ಮೋಟರಿನ ಜೋಡಿ, ಓಲೆ ಮತ್ತು ಸರದ ಜೋಡಿ, ಹಲವು ಗೇಮುಗಳು ಸೇರಿದ ಟೆನಿಸ್ ಸೆಟ್, ಗಣಿತದ ಗಣ ಎಲ್ಲವೂ ಈ ಸಾಲಿಗೆ. ಸಿನಿಮಾ ಸೆಟ್ ಯಾವ ಸಾಲಿಗೆ ಎಂದು ಮಕ್ಕಳ ನಡುವೆ ಜೋರು ಚರ್ಚೆ ನಡೆಯಿತು. ಜೋಡಿಸಿ ನಿಲ್ಲಿಸಿದ್ದು, ಆದ್ದರಿಂದ ಕೂರಿಸಿದ್ದರ ಸಾಲಿಗೆ ಎಂದು ಅವರೇ ತೀರ್ಮಾನ ಮಾಡಿದರು. ಸರಿಯಾಗಿಯೇ ಇತ್ತು.

ಬೋರ್ಡಿನಲ್ಲಿ ಒಂದು ಬಳಕೆ ಉಳಿದಿತ್ತು. ‘ಈ ಅಂಗಿ ನಿಂಗೆ ಸೆಟ್ ಆಗಲ್ಲ.’ ಇದು ನಮ್ಮದೇ ಬಳಕೆ. ಇಂಗ್ಲಿಷಿನಲ್ಲಿ ಇಲ್ಲಿ ‘ಸೂಟ್’ ಬರಬೇಕು. ಕನ್ನಡದಲ್ಲಿ ಹಾಗೆ ಮಾತಾಡುವುದು ತಪ್ಪೇನಲ್ಲ. ಇಂಗ್ಲಿಷ್ ಪರೀಕ್ಷೆಯಲ್ಲಿ ಬರೆಯಬೇಡಿ ಎಂದು ಮಾತ್ರ ಹೇಳಿದೆ. ಇದನ್ನು ಬಿಡಿಸಿ ಹೇಳದಿದ್ದರೆ ಮಕ್ಕಳು ಹಾಗೇ ಬರೆದುಬಿಡುತ್ತಾರೆ.

ಜಾಸ್ತಿ ಹೊತ್ತು ಹಿಡಿದದ್ದು ಬಾಲಂಗೋಚಿ ಪದಗಳು: ಸೆಟ್ ಅಪ್, ಸೆಟ್ ಆಫ್, ಸೆಟ್ ಇನ್, ಸೆಟ್ ಅಸೈಡ್. ಇಲ್ಲಿ ಮೂಲ ಅರ್ಥ ಹಿಡಿದು ಹೊರಟರೆ ಅರ್ಧ ದಾರಿಗೆ ನಿಲ್ಲಬೇಕಾಗುತ್ತದೆ. ಪಕ್ಕದಲ್ಲಿ ಯಾವ ಪದ ಇದೆ ಎಂದು ನೋಡಲೇಬೇಕು. ಸೆಟ್ ಅಸೈಡ್ ಆಗುವುದು ದುಡ್ಡಾದರೆ ತೆಗೆದಿಟ್ಟರು ಎಂದು, ಕೆಳಗಿನ ಕೋರ್ಟಿನ ತೀರ್ಪಾದರೆ ರದ್ದು ಮಾಡಿದರು ಎಂದು. ‘ಸೆಟ್ ಆಫ್’ ಆದವರು ಪ್ರಯಾಣಿಕರಾದರೆ ಹೊರಟರು, ಸೆಟ್ ಆಫ್ ಮಾಡಿದ್ದು ಪಟಾಕಿಯಾದರೆ ಹೊಡೆದರು. ಜೂನ್ ತಿಂಗಳ ಇಂಗ್ಲಿಷ್ ಪತ್ರಿಕೆಗಳಲ್ಲಿ ಮುಂಗಾರು ‘ಸೆಟ್ ಇನ್’ ಆಯಿತು ಎಂದು ಬರೆಯುತ್ತಾರೆ. ಬಂದು ತಳವೂರಿತು ಎಂದು ಅರ್ಥ. ನಿಜವಾದ ವಾಕ್ಯಗಳು ಸಿಗಲಿ ಎಂದು ಪತ್ರಿಕೆಯಿಂದ ಇಂಥ ತುಣುಕುಗಳನ್ನು ಕತ್ತರಿಸಿ ತಂದು ಅಂಟಿಸಿದೆವು. ಪಠ್ಯಪುಸ್ತಕದ ಸಪ್ಪೆ ವಾಕ್ಯಗಳಿಗಿಂತ ಅವು ಎಷ್ಟೋ ಮೇಲು.

ಕಾಲದ ರೂಪ ಸುಲಭ: ಸೆಟ್, ಸೆಟ್, ಸೆಟ್. ಬದಲಾಗುವುದೇ ಇಲ್ಲ. ‘ಹೀ’ ಪಕ್ಕದಲ್ಲಿ ‘ಸೆಟ್ಸ್’ ಇದ್ದರೆ ವರ್ತಮಾನ, ಬರೀ ‘ಸೆಟ್’ ಇದ್ದರೆ ಸಾಮಾನ್ಯವಾಗಿ ಭೂತಕಾಲ. ಇದಕ್ಕೆ ಹತ್ತು ನಿಮಿಷ ಸಾಕು.

ಪರೀಕ್ಷೆ ಮಾಡುವಾಗ ಅರ್ಥ ಬರೆಯಿರಿ ಎಂದು ಕೇಳುವುದಿಲ್ಲ. ಹೊಸ ವಾಕ್ಯ ಕೊಟ್ಟು, ಇಲ್ಲಿ ಕೂರಿಸು, ಇಡು, ಗುಂಪು ಇವುಗಳಲ್ಲಿ ಯಾವುದು ಹತ್ತಿರ, ಯಾವ ಪದ ನೋಡಿ ಗೊತ್ತಾಯಿತು ಎಂದು ಕೇಳುತ್ತೇನೆ. ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ.

ಇದೇ ಬಗೆಯಲ್ಲಿ ‘ರನ್’ ಮಾಡಿದ್ದೇವೆ. ಅದಕ್ಕೆ ‘ಓಡು’, ‘ಓಡಿಸು’ ಚೆನ್ನಾಗಿ ಹೊಂದಿತು, ಕ್ರಿಕೆಟ್ಟಿನ ರನ್ನೂ ಸೇರಿ. ‘ಗೆಟ್’ಗೆ ಮಾತ್ರ ಅಂಥ ಒಂದು ಕನ್ನಡ ಪದ ನನಗಿನ್ನೂ ಸಿಕ್ಕಿಲ್ಲ. ‘ಸಿಗು’ ಸ್ವಲ್ಪ ದೂರ ಬರುತ್ತದೆ, ‘ಆಗು’ ಇನ್ನು ಸ್ವಲ್ಪ ದೂರ. ಸದ್ಯಕ್ಕೆ ಅವೆರಡನ್ನೂ ಅಕ್ಕಪಕ್ಕ ಬರೆದು ಪಾಠ ಶುರು ಮಾಡಿದ್ದೇನೆ.