ಚಕ್ರದ ಮನೆಗೆ ಡಿಶ್‌ವಾಷರ್: ಕೊಳ್ಳುವ ಮೊದಲು ಮುಸುರೆ ನೀರು ಅಳೆಯಿರಿ

ಅಮೆರಿಕದ ಅರಿಜೋನಾದಲ್ಲಿ ನಾವು ಚಳಿಗಾಲ ಕಳೆಯುವ ಆರ್‌ವಿ (ಚಕ್ರಗಳ ಮೇಲಿನ ಮನೆ) ಪಾರ್ಕಿನಲ್ಲಿ ಏಪ್ರಿಲ್ ಬಂತೆಂದರೆ ಲಾಂಡ್ರಿ ಕೋಣೆಯ ಎದುರಿನ ಮೇಜಿನ ಮೇಲೆ ಬೇಡವಾದ ಸಾಮಾನುಗಳು ಬಂದು ಕೂರುತ್ತವೆ. ಬಿಸಿಲು ಏರುವ ಮೊದಲು ಉತ್ತರದ ರಾಜ್ಯಗಳಿಗೆ ಮರಳುವವರು ಹೊರೆ ಇಳಿಸಿಕೊಳ್ಳುವ ಕಾಲವದು. ಕಳೆದ ವರ್ಷ ಮಡಚುವ ಕುರ್ಚಿಗಳು ಮತ್ತು ಅರ್ಧ ಉಳಿದ ಇದ್ದಿಲಿನ ಚೀಲಗಳ ನಡುವೆ ಎರಡು ಟೇಬಲ್‌ಟಾಪ್ ಡಿಶ್‌ವಾಷರ್‌ಗಳಿದ್ದವು. ಅವುಗಳಲ್ಲೊಂದರ ಬಾಗಿಲಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತಿರಲೂ ಇಲ್ಲ. ಯಂತ್ರಗಳಲ್ಲಿ ದೋಷವಿರಲಿಲ್ಲ, ಕೊಳ್ಳುವ ಮೊದಲು ಮಾಡಬೇಕಾದ ಒಂದು ವಾರದ ಲೆಕ್ಕವನ್ನು ಅವುಗಳ ಒಡೆಯರು ಮಾಡಿರಲಿಲ್ಲ, ಅಷ್ಟೆ.

ನನ್ನ ಪತಿ ಮತ್ತು ನಾನು ನಾಲ್ಕು ವರ್ಷಗಳಿಂದ 34 ಅಡಿಯ ಫಿಫ್ತ್‌ವೀಲ್‌ನಲ್ಲಿ, ಅಂದರೆ ಪಿಕಪ್ ಟ್ರಕ್ಕಿನ ಹಿಂಬದಿಗೆ ಸಿಕ್ಕಿಸಿ ಎಳೆದೊಯ್ಯುವ ಮನೆಯಲ್ಲಿ, ವರ್ಷಪೂರ್ತಿ ವಾಸಿಸುತ್ತಿದ್ದೇವೆ. ಇಂತಹ ಮನೆಯಲ್ಲಿ ನೀರಿಗೆ ಮೂರು ಟ್ಯಾಂಕುಗಳಿರುತ್ತವೆ. ಒಂದರಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ಸಿಂಕ್ ಮತ್ತು ಬಚ್ಚಲಿನ ನೀರು, ಮತ್ತೊಂದರಲ್ಲಿ ಶೌಚದ ನೀರು. ಎರಡನೆಯದಕ್ಕೆ ಇಲ್ಲಿ ಗ್ರೇ ಟ್ಯಾಂಕ್ ಎನ್ನುತ್ತಾರೆ. ಡಿಶ್‌ವಾಷರ್ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ಒಳ್ಳೆಯ ನೀರಿನ ಟ್ಯಾಂಕ್ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಒಳ್ಳೆಯ ನೀರನ್ನು ಕ್ಯಾನುಗಳಲ್ಲಿ ಹೊತ್ತು ತರಬಹುದು, ಆದರೆ ತುಂಬಿದ ಗ್ರೇ ಟ್ಯಾಂಕನ್ನು ಹೊತ್ತು ಹೋಗಿ ಚೆಲ್ಲುವುದು ಅಷ್ಟು ಸುಲಭವಲ್ಲ. ಆದ್ದರಿಂದ ಲೆಕ್ಕವನ್ನು ಗ್ರೇ ಟ್ಯಾಂಕಿನಿಂದಲೇ ಆರಂಭಿಸಬೇಕು.

ಹಂತ 1: ಕಳೆದ ಹನ್ನೆರಡು ತಿಂಗಳ ಕ್ಯಾಲೆಂಡರ್ ತೆರೆದು, ಒಳಚರಂಡಿ ಸಂಪರ್ಕವಿದ್ದ ಜಾಗದಲ್ಲಿ ಎಷ್ಟು ರಾತ್ರಿ ತಂಗಿದ್ದಿರಿ, ಇಲ್ಲದ ಕಡೆ ಎಷ್ಟು ರಾತ್ರಿ ಎಂದು ಎಣಿಸಿರಿ. ಸದಾ ಸಂಪರ್ಕವಿರುವ ಪಾರ್ಕಿನಲ್ಲೇ ಇರುವವರು ಎರಡನೆಯ ಹಂತವನ್ನು ಬಿಟ್ಟು ಮುಂದೆ ಹೋಗಬಹುದು.

ಹಂತ 2: ಒಂದು ವಾರ ಮುಸುರೆ ನೀರನ್ನು ಅಳೆಯಿರಿ. ಎಲ್ಲರೂ ಹಾರಿಸಿಬಿಡುವುದು ಈ ಹಂತವನ್ನೇ. ಸಿಂಕಿನೊಳಗೆ ಕೂರುವ ಪ್ಲಾಸ್ಟಿಕ್ ಟಬ್ ಒಂದನ್ನು ತಂದು, ಅದಕ್ಕೆ ಒಂದೊಂದೇ ಲೀಟರ್ ನೀರು ಸುರಿದು, ಪ್ರತಿ ಲೀಟರಿಗೂ ಒಳಗೋಡೆಯ ಮೇಲೆ ಅಳಿಸದ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಅಂದಿನಿಂದ ಏಳು ದಿನ ಅಡುಗೆಮನೆಯ ಒಂದು ಹನಿಯೂ ಆ ಟಬ್ಬಿಗೆ ಬೀಳದೆ ಕೆಳಗಿಳಿಯಬಾರದು. ಟಬ್ಬನ್ನು ಬಗ್ಗಿಸುವ ಮುನ್ನ ಗೆರೆ ನೋಡಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯಿರಿ. ಆ ಹಾಳೆಯಲ್ಲಿ ಮೂರು ಅಂಕಣಗಳಿರಲಿ: ತಟ್ಟೆ, ಲೋಟ, ಚಮಚಗಳಂತಹ ಯಂತ್ರಕ್ಕೆ ಹೋಗಬಲ್ಲ ಪಾತ್ರೆಗಳದ್ದು ಒಂದು, ಕುಕ್ಕರ್, ಬಾಣಲೆ, ಕಾವಲಿಗಳದ್ದು ಇನ್ನೊಂದು, ಅಕ್ಕಿ ತೊಳೆದದ್ದು, ಸೊಪ್ಪು ತೊಳೆದದ್ದು, ಕೈ ತೊಳೆದದ್ದು ಮೂರನೆಯದು.

ಮೊದಲ ಎರಡು ದಿನಗಳ ಅಂಕಿಗಳನ್ನು ಹೊಡೆದುಹಾಕಿರಿ. ಅಳೆಯುತ್ತಿದ್ದೇವೆ ಎಂಬ ಪ್ರಜ್ಞೆಯಿಂದ ಆ ಎರಡು ದಿನ ಯಾರೂ ಎಂದಿನಂತೆ ನೀರು ಬಳಸುವುದಿಲ್ಲ. ನನ್ನ ಪತಿ ಮೊದಲ ದಿನ ಕಾಫಿ ಲೋಟವನ್ನು ತೊಳೆಯದೆ ಅದರಲ್ಲೇ ಮೂರು ಸಲ ಕುಡಿದಿದ್ದರು. ಉಳಿದ ಐದು ದಿನಗಳಲ್ಲಿ ದೋಸೆ ಮಾಡಿದ ದಿನ ಒಂದು, ಮುದ್ದೆ ಮಾಡಿದ ದಿನ ಒಂದು ಸೇರಿರಲಿ. ಮುದ್ದೆಯ ಪಾತ್ರೆಯ ತಳಕ್ಕೆ ಹಿಡಿದ ಹಿಟ್ಟು ನೆನೆಯಲು ಬೇಡುವ ನೀರೇ ಎರಡು ಲೀಟರ್, ಅದನ್ನು ಬಿಟ್ಟು ಮಾಡಿದ ಲೆಕ್ಕ ನಮ್ಮ ಅಡುಗೆಯ ಲೆಕ್ಕವಾಗುವುದಿಲ್ಲ.

ಈ ಕೆಲಸಕ್ಕೆ ಗೋಡೆಯ ಮೇಲಿನ ಟ್ಯಾಂಕ್ ಸೂಚಕದ ದೀಪಗಳನ್ನು ನಂಬಬೇಡಿ. ಹೆಚ್ಚಿನ ಆರ್‌ವಿಗಳಲ್ಲಿ ಟ್ಯಾಂಕಿನ ಗೋಡೆಗೆ ಚುಚ್ಚಿದ ಲೋಹದ ಮೊಳೆಗಳಂತಹ ಪ್ರೋಬ್‌ಗಳು ನೀರಿನ ಮಟ್ಟವನ್ನು ತಿಳಿಸುತ್ತವೆ. ಅವುಗಳಿಗೆ ಸಾಬೂನು ಮತ್ತು ಜಿಡ್ಡು ಮೆತ್ತಿಕೊಂಡ ಮೇಲೆ ಖಾಲಿ ಟ್ಯಾಂಕೂ ಮುಕ್ಕಾಲು ತುಂಬಿದಂತೆ ದೀಪ ಉರಿಯುತ್ತದೆ. ಟ್ಯಾಂಕಿನ ಅಳತೆಯನ್ನು ವಾಹನದ ಕೈಪಿಡಿಯಿಂದ ತೆಗೆದುಕೊಂಡು, ಗ್ಯಾಲನ್ನನ್ನು 3.785 ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ನಮ್ಮದರಲ್ಲಿ ಅಡುಗೆಮನೆಗೆ ಪ್ರತ್ಯೇಕ ಗ್ರೇ ಟ್ಯಾಂಕಿದ್ದು, ಅದರ ಅಳತೆ 38 ಗ್ಯಾಲನ್, ಅಂದರೆ ಸುಮಾರು 144 ಲೀಟರ್.

ಇನ್ನು ಗುಣಾಕಾರ. ನಮ್ಮ ಹಾಳೆಯಲ್ಲಿ ದಿನದ ಸರಾಸರಿ ತಟ್ಟೆ ಲೋಟಗಳಿಗೆ 5 ಲೀಟರ್, ದೊಡ್ಡ ಪಾತ್ರೆಗಳಿಗೆ 4, ಉಳಿದದ್ದಕ್ಕೆ 4, ಒಟ್ಟು 13 ಲೀಟರ್ ಬಂತು. ಆ ಲೆಕ್ಕದಲ್ಲಿ ನಮ್ಮ ಟ್ಯಾಂಕ್ 11 ದಿನ ತಾಳುತ್ತದೆ. ಡಿಶ್‌ವಾಷರ್ ಮೊದಲ ಅಂಕಣದ ಕೆಲಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಕುಕ್ಕರ್ ಮತ್ತು ಅಕ್ಕಿ ತೊಳೆಯುವ ನೀರು ಹಾಗೆಯೇ ಉಳಿಯುತ್ತವೆ. ಮಿತವ್ಯಯದ ಯಂತ್ರಗಳಿಗೆ ಅಮೆರಿಕ ಸರ್ಕಾರ ಕೊಡುವ ಎನರ್ಜಿ ಸ್ಟಾರ್ ಗುರುತು ಚಿಕ್ಕ ಯಂತ್ರವೊಂದಕ್ಕೆ ಸಿಗಬೇಕಾದರೆ, 2016ರಲ್ಲಿ ಜಾರಿಗೆ ಬಂದ ನಿಯಮದಂತೆ ಅದು ಒಂದು ಸುತ್ತಿಗೆ 3.1 ಗ್ಯಾಲನ್‌ಗಿಂತ, ಅಂದರೆ ಸುಮಾರು 11.7 ಲೀಟರಿಗಿಂತ ಹೆಚ್ಚು ಬಳಸುವಂತಿರಲಿಲ್ಲ. ನಮ್ಮ ಯಂತ್ರ ಸುತ್ತಿಗೆ 11 ಲೀಟರ್ ಬಳಸುತ್ತದೆ, ದಿನಕ್ಕೊಂದು ಸುತ್ತು ಎಂದಿಟ್ಟುಕೊಳ್ಳಿ. 11ಕ್ಕೆ 4 ಮತ್ತು 4 ಸೇರಿಸಿದರೆ ದಿನಕ್ಕೆ 19 ಲೀಟರ್; ಟ್ಯಾಂಕ್ ಏಳೂವರೆ ದಿನಕ್ಕೆ ತುಂಬುತ್ತದೆ. ಪಶ್ಚಿಮದ ರಾಜ್ಯಗಳಲ್ಲಿ ಕೇಂದ್ರ ಸರ್ಕಾರದ ಭೂ ಇಲಾಖೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ, ಒಳಚರಂಡಿಯಿಲ್ಲದ ಬಯಲುಗಳಲ್ಲಿ ಸಾಮಾನ್ಯವಾಗಿ ಒಂದೆಡೆ 14 ದಿನ ಬಿಟ್ಟಿಯಾಗಿ ತಂಗಬಹುದು. ಕೈಯಲ್ಲಿ ತೊಳೆದರೆ ಆ ಅವಧಿಯಲ್ಲಿ ಒಮ್ಮೆ ಟ್ಯಾಂಕ್ ಖಾಲಿ ಮಾಡಲು ಹೊರಡಬೇಕು. ಯಂತ್ರವಿದ್ದರೂ ಲೆಕ್ಕಕ್ಕೆ ಒಂದೇ ಸಲ ಸಾಕೆಂದು ಕಾಣುತ್ತದೆ, ಆದರೆ ನೆಂಟರು ಒಂದೆರಡು ದಿನ ಬಂದರೂ ಅದು ಎರಡಾಗಬಹುದು. ಪ್ರತಿ ಸಲವೂ ಸ್ಲೈಡ್‌ಔಟನ್ನು, ಅಂದರೆ ನಿಂತಾಗ ಹೊರಕ್ಕೆ ಚಾಚುವ ಕೋಣೆಯ ಭಾಗವನ್ನು, ಒಳಕ್ಕೆಳೆದು, ಮನೆಯನ್ನೇ ಟ್ರಕ್ಕಿಗೆ ಸಿಕ್ಕಿಸಿ, ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ನಿಗೆ ಹೋಗಿ ಬರಲು ಅರ್ಧ ದಿನ ಹಿಡಿಯುತ್ತದೆ.

ಡಿಶ್‌ವಾಷರ್ ನೀರು ಉಳಿಸುತ್ತದೆ ಎಂಬ ಜಾಹೀರಾತು ಸುಳ್ಳಲ್ಲ. ಅಮೆರಿಕದ ನಿಯಮದಂತೆ ಅಡುಗೆಮನೆಯ ನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 2.2 ಗ್ಯಾಲನ್ ನೀರು ಬಿಡಬಹುದು. ಪೂರ್ತಿ ತಿರುಗಿಸಿಟ್ಟು ತೊಳೆಯುವವರು ಎರಡು ನಿಮಿಷದಲ್ಲಿ ಸುಮಾರು 17 ಲೀಟರ್ ಚೆಲ್ಲಿರುತ್ತಾರೆ. ಜಾಹೀರಾತು ಹೋಲಿಸುವುದು ಅವರೊಂದಿಗೆ. ಆರ್‌ವಿಯಲ್ಲಿ ಒಂದು ತಿಂಗಳು ಕಳೆದವರು ಯಾರೂ ನಲ್ಲಿಯನ್ನು ಹಾಗೆ ತಿರುಗಿಸಿಡುವುದಿಲ್ಲ. ಹೀಗಾಗಿ ನನ್ನ ಸಲಹೆ ಖಚಿತವಾಗಿದೆ. ವರ್ಷದಲ್ಲಿ ಏಳು ತಿಂಗಳಿಗಿಂತ ಹೆಚ್ಚು ಕಾಲ ಒಳಚರಂಡಿ ಸಂಪರ್ಕವಿರುವಲ್ಲಿ ಇರುವವರು ಕೊಳ್ಳಿರಿ, ಉಳಿದವರು ಆ ಹಣಕ್ಕೆ ಒಳ್ಳೆಯ ಸ್ಟೀಲ್ ಟಬ್ ಎರಡನ್ನು ತಂದು ಬಾಕಿಯನ್ನು ಡೀಸೆಲ್‌ಗೆ ಉಳಿಸಿಕೊಳ್ಳಿರಿ.

ಐದು ಲೀಟರ್ ನೀರನ್ನು ಜಗ್ಗಿನಲ್ಲಿ ಸುರಿದು ಓಡಿಸುವ, ಒಳಗೇ ಟ್ಯಾಂಕಿರುವ ಪುಟ್ಟ ಯಂತ್ರಗಳೂ ಇವೆಯಲ್ಲ ಎಂದು ಕೇಳುವವರಿದ್ದಾರೆ. ನೀರು ಕಡಿಮೆ ಬಳಸುತ್ತವೆ ನಿಜ, ಆದರೆ ನಮ್ಮ ಅಂಚುಳ್ಳ ಸ್ಟೀಲ್ ತಟ್ಟೆಗಳು ಅವುಗಳ ಕಂಬಿಗಳ ನಡುವೆ ನಿಲ್ಲುವುದಿಲ್ಲ. ಇಬ್ಬರ ಪಾತ್ರೆಗಳಿಗೆ ಎರಡು ಸುತ್ತು ಬೇಕಾಗಿ, ಲೆಕ್ಕ ಮತ್ತೆ ಹತ್ತು ಲೀಟರಿಗೇ ಬರುತ್ತದೆ.

ಹಂತ 3: ವಿದ್ಯುತ್ತು. 30 ಆಂಪಿಯರ್ ಸಂಪರ್ಕವಿರುವ ಆರ್‌ವಿಗೆ 120 ವೋಲ್ಟ್‌ನಲ್ಲಿ ಸಿಗುವುದು ಒಟ್ಟು 3,600 ವಾಟ್. ನೀರು ಕಾಯಿಸುವಾಗ ಚಿಕ್ಕ ಡಿಶ್‌ವಾಷರ್ ಸುಮಾರು 1,000ದಿಂದ 1,200 ವಾಟ್ ಎಳೆಯುತ್ತದೆ. ಅದೇ ಹೊತ್ತಿನಲ್ಲಿ ಎಸಿ ಮತ್ತು ವಾಟರ್ ಹೀಟರಿನ ವಿದ್ಯುತ್ ಕಾಯಿಲ್ ಎರಡೂ ಓಡುತ್ತಿದ್ದರೆ ಬ್ರೇಕರ್ ಬೀಳುತ್ತದೆ. ವಾಟರ್ ಹೀಟರನ್ನು ಗ್ಯಾಸಿಗೆ ಹಾಕಿ, ರಾತ್ರಿ ಎಸಿ ನಿಲ್ಲಿಸಿದ ಮೇಲೆ ಡಿಶ್‌ವಾಷರ್ ಓಡಿಸಿದರೆ ಸಾಕು. 50 ಆಂಪಿಯರ್‌ನವರಿಗೆ ಈ ಚಿಂತೆಯಿಲ್ಲ. ಬ್ಯಾಟರಿಯ ಮೇಲೆ ಓಡಿಸುವ ಯೋಚನೆಯನ್ನು ಬಿಟ್ಟುಬಿಡಿ. 12 ವೋಲ್ಟಿನ, 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 1,280 ವಾಟ್-ಅವರ್, ಬಿಸಿನೀರಿನ ಒಂದು ಸುತ್ತಿಗೆ ಅದರಲ್ಲಿ ಅರ್ಧ ಹೋಗುತ್ತದೆ.

ಹಂತ 4: ಜಾಗ. ಕಟ್ಟೆಯಿಂದ ಮೇಲಿನ ಬೀರುವಿನ ತಳದವರೆಗಿನ ಎತ್ತರವನ್ನು ಅಳೆಯಿರಿ. ಯಂತ್ರ ಅಲ್ಲಿ ಹಿಡಿದರೂ ಬಾಗಿಲು ತೆರೆದಾಗ ಏಳುವ ಹಬೆ ನೇರವಾಗಿ ಆ ಬೀರುವಿಗೆ ತಗಲುತ್ತದೆ. ಆರ್‌ವಿಯ ಬೀರುಗಳು ಪುಡಿಮರದ ಹಲಗೆಯವಾದ್ದರಿಂದ ಉಬ್ಬಿ ಸಿಪ್ಪೆ ಏಳುತ್ತವೆ. ಸುತ್ತು ಮುಗಿದ ಮೇಲೆ ಯಂತ್ರವನ್ನು ಅಂಗೈಯಷ್ಟು ಮುಂದಕ್ಕೆಳೆದು ಬಾಗಿಲು ತೆರೆಯುವುದನ್ನು ರೂಢಿ ಮಾಡಿಕೊಳ್ಳಿರಿ. ಕಟ್ಟೆಯ ಕೆಳಗೆ ಕೂರಿಸುವ ಡ್ರಾಯರ್ ಮಾದರಿಯ ಯಂತ್ರಗಳು ನೋಡಲು ಚೆಂದ, ದೊಡ್ಡ ಮೋಟಾರ್‌ಹೋಮ್‌ಗಳಲ್ಲಿ ಅವು ಮೊದಲೇ ಅಳವಟ್ಟಿರುವುದೂ ಉಂಟು. ಆದರೆ ಅಕ್ಕಿ, ಬೇಳೆ, ರಾಗಿಹಿಟ್ಟಿನ ಡಬ್ಬಿಗಳಿಡುವ ಜಾಗವನ್ನು ಅದಕ್ಕೆ ಕೊಟ್ಟವರು ಆಮೇಲೆ ಪರಿತಪಿಸಿದ್ದನ್ನು ನಾನು ನೋಡಿದ್ದೇನೆ.

ಹಂತ 5: ಜೋಡಣೆ. ನೀರು ಒಳಬರುವ ಬದಿ ಸುಲಭ. ನಲ್ಲಿಯ ತುದಿಯನ್ನು ಬಿಚ್ಚಿ ಅಡಾಪ್ಟರ್ ತಿರುಗಿಸಿದರೆ ಮುಗಿಯಿತು. ಪ್ಲಾಸ್ಟಿಕ್ ಅಡಾಪ್ಟರ್ ಮಾತ್ರ ಬೇಡ, ಬಿಸಿನೀರಿಗೆ ಅದರ ಎಳೆಗಳು ಸವೆಯುತ್ತವೆ, ಹಿತ್ತಾಳೆಯದ್ದೇ ಇರಲಿ. ಸಿಂಕಿನೊಳಕ್ಕೆ ಎಳೆದು ಬಳಸುವ ಸ್ಪ್ರೇ ನಲ್ಲಿಯಾದರೆ ಅದಕ್ಕೆ ಅಡಾಪ್ಟರ್ ಸಾಮಾನ್ಯವಾಗಿ ಕೂರುವುದಿಲ್ಲ, ಸಿಂಕಿನ ಕೆಳಗಿನ ಕೊಳವೆಗೆ ಕವಲು ಹಾಕಬೇಕು.

ತೊಂದರೆ ಇರುವುದು ನೀರು ಹೊರಹೋಗುವ ಬದಿಯಲ್ಲಿ. ಡ್ರೈನ್ ಕೊಳವೆಯನ್ನು ಸಿಂಕಿನೊಳಗೆ ಸುಮ್ಮನೆ ಇಳಿಬಿಟ್ಟರೆ, ಪಂಪು ನೀರನ್ನು ಒಮ್ಮೆಲೇ ನೂಕಿದಾಗ ಅದರ ತುದಿ ಹಾವಿನಂತೆ ಎದ್ದು ನೆಲಕ್ಕೆ ನೀರು ಎರಚುತ್ತದೆ. ತುದಿಯನ್ನು ನಲ್ಲಿಯ ಬುಡಕ್ಕೆ ದಾರದಿಂದ ಕಟ್ಟಿರಿ. ಪೊಟ್ಟಣದಲ್ಲಿ ಬರುವ ರಬ್ಬರಿನ ಹೀರುಬಿಲ್ಲೆ ಎರಡು ದಿನಕ್ಕೆ ಕಳಚಿಕೊಳ್ಳುತ್ತದೆ. ಸಿಂಕಿನ ಕೆಳಗಿನ ಕೊಳವೆಗೇ ಶಾಶ್ವತವಾಗಿ ಜೋಡಿಸುವವರು ಡ್ರೈನ್ ಕೊಳವೆಯನ್ನು ಮೊದಲು ಕಟ್ಟೆಯ ತಳದವರೆಗೆ ಮೇಲಕ್ಕೊಯ್ದು ಕ್ಲಿಪ್ ಹಾಕಿ, ಅಲ್ಲಿಂದ ಕೆಳಗಿಳಿಸಬೇಕು. ಆ ಎತ್ತರದ ಬಾಗು ಇಲ್ಲದಿದ್ದರೆ ಸಿಂಕಿನ ಮುಸುರೆ ನೀರು ತೊಳೆದಿಟ್ಟ ಪಾತ್ರೆಗಳ ಕೆಳಗೆ ಮರಳಿ ಬಂದು ನಿಲ್ಲುತ್ತದೆ.

ಗ್ರೇ ಟ್ಯಾಂಕ್ ತುಂಬಿದೆಯೇ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ ಎಂಬುದನ್ನೂ ನೆನಪಿಡಿ. ನಮ್ಮ ಪಕ್ಕದ ಸೈಟಿನವರು ಒಂದು ಸಂಜೆ ಯಂತ್ರದ ಗುಂಡಿ ಒತ್ತಿ ವಾಕಿಂಗ್ ಹೋದರು. ಟ್ಯಾಂಕ್ ಮೊದಲೇ ತುಂಬಿತ್ತು. ಇಳಿಯಲು ಎಡೆಯಿಲ್ಲದ ನೀರು ಸಿಂಕಿನಲ್ಲಿ ಏರಿ, ಕಟ್ಟೆಯಿಂದ ಹರಿದು, ಸ್ಲೈಡ್‌ಔಟಿನ ಸಂದಿಗೆ ಇಳಿದಿತ್ತು. ಅವರು ಬರುವಷ್ಟರಲ್ಲಿ ನೆಲದ ಹಲಗೆಗಳ ಅಂಚುಗಳು ನೆನೆದ ಹಪ್ಪಳದಂತೆ ಎದ್ದಿದ್ದವು, ಅವುಗಳ ನಡುವೆ ಒಂದು ಕರಿಬೇವಿನ ಎಲೆ ತೇಲುತ್ತಿತ್ತು. ಹಿಂದಿನ ದಿನ ನಾನೇ ಕೊಟ್ಟಿದ್ದ ಚಿತ್ರಾನ್ನದ್ದು. ಹಾಗೆಂದು ಪಾರ್ಕಿನಲ್ಲಿ ಟ್ಯಾಂಕಿನ ವಾಲ್ವನ್ನು ಸದಾ ತೆರೆದಿಡುವುದೂ ಸರಿಯಲ್ಲ: ನೀರು ಹರಿದುಹೋಗಿ ಜಿಡ್ಡು ಮತ್ತು ಅಗುಳು ತಳದಲ್ಲೇ ಒಣಗುತ್ತವೆ, ಚರಂಡಿಯ ಗಾಳಿ ಒಳಬರಲು ದಾರಿಯಾಗುತ್ತದೆ. ಮುಚ್ಚಿಟ್ಟು, ಅರ್ಧಕ್ಕಿಂತ ಹೆಚ್ಚು ತುಂಬಿದಾಗ ಒಮ್ಮೆಲೇ ಬಿಡಿರಿ. ಯಂತ್ರ ಓಡುವಾಗ ಮನೆಯಲ್ಲಿ ಒಬ್ಬರಿರಲಿ.

ಹಂತ 6: ಪಾತ್ರೆ ಇಡುವುದು. ತಟ್ಟೆಯನ್ನು ಕಾಗದದಿಂದ ಒರೆಸಿ ಇಡಿ, ನೀರಿನಲ್ಲಿ ತೊಳೆದು ಇಡಬೇಡಿ; ಹಾಗೆ ತೊಳೆದಿಡುವವರಿಗೆ ಯಂತ್ರದ ಅಗತ್ಯವೇ ಇಲ್ಲ. ತೆಂಗಿನ ತುರಿಯ ನಾರು ಮತ್ತು ಸಾಸಿವೆ ಕಾಳು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುವುದರಿಂದ ದಿನ ಬಿಟ್ಟು ದಿನ ಅದನ್ನು ಬಿಚ್ಚಿ ಕೊಡವಿರಿ. ಅಲ್ಯೂಮಿನಿಯಂ ಕುಕ್ಕರ್ ಯಂತ್ರದಲ್ಲಿ ಕಪ್ಪಾಗುತ್ತದೆ, ಕಬ್ಬಿಣದ ಕಾವಲಿ ಪಳಗಿಸಿದ ಎಣ್ಣೆಯನ್ನೆಲ್ಲ ಕಳೆದುಕೊಂಡು ತುಕ್ಕು ಹಿಡಿಯುತ್ತದೆ. ಅರಿಸಿನ ಯಂತ್ರದೊಳಗಿನ ಪ್ಲಾಸ್ಟಿಕ್ ಭಾಗಗಳನ್ನೇ ಹಳದಿಯಾಗಿಸುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಸಾಬೂನಿನ ಗುಳಿಗೆಗಳು ದೊಡ್ಡ ಯಂತ್ರಗಳಿಗಾಗಿ ಮಾಡಿದವು. ಚಿಕ್ಕ ಸುತ್ತಿನಲ್ಲಿ ಅವು ಅರೆಬರೆ ಕರಗಿ ಲೋಟದ ತಳದಲ್ಲಿ ಅಂಟಾಗಿ ಕೂರುತ್ತವೆ. ಡಿಶ್‌ವಾಷರಿನ ಪುಡಿಯನ್ನೇ ತನ್ನಿ, ಒಂದು ಚಮಚ ಸಾಕು. ಅರಿಜೋನಾದ ಗಡಸು ನೀರಿಗೆ ರಿನ್ಸ್ ಏಡ್ (ಕೊನೆಯಲ್ಲಿ ಪಾತ್ರೆಯಿಂದ ನೀರು ಜಾರಿಹೋಗುವಂತೆ ಮಾಡುವ ದ್ರವ) ಇಲ್ಲದಿದ್ದರೆ ಗಾಜಿನ ಲೋಟಗಳ ಮೇಲೆ ಸುಣ್ಣ ಬಳಿದಂತಾಗುತ್ತದೆ.

ಹಂತ 7: ಹೊರಡುವ ದಿನ. ಪಾತ್ರೆಗಳನ್ನೆಲ್ಲ ತೆಗೆದು, ಯಂತ್ರದ ತಳದಲ್ಲಿ ಉಳಿದ ನೀರನ್ನು ಬಟ್ಟೆಯಿಂದ ಹೀರಿಸಿ, ಸುಮಾರು 20 ಕಿಲೋ ತೂಗುವ ಆ ಪೆಟ್ಟಿಗೆಯನ್ನು ನೆಲಕ್ಕಿಳಿಸಿ, ಪಟ್ಟಿಯಿಂದ ಬಿಗಿದು ಕಟ್ಟಿರಿ. ತಲುಪಿದ ಮೇಲೆ ಮನೆಯನ್ನು ಸಮತಟ್ಟು ಮಾಡಿದ ನಂತರವೇ ಓಡಿಸಿರಿ. ವಾಲಿದ ಯಂತ್ರದಲ್ಲಿ ನೀರು ಒಂದು ಮೂಲೆಗೆ ಸೇರಿ, ನೀರಿನ ಮಟ್ಟ ತಿಳಿಸುವ ಒಳಗಿನ ಫ್ಲೋಟ್ ತಪ್ಪು ತಿಳಿದು ಯಂತ್ರ ನಿಂತುಬಿಡುತ್ತದೆ.

ಹೆಪ್ಪುಗಟ್ಟುವ ಚಳಿಯಲ್ಲಿ ಆರ್‌ವಿಯನ್ನು ಬಿಟ್ಟುಹೋಗುವವರಿಗೆ ಇನ್ನೊಂದು ಕೆಲಸ ಉಳಿದಿರುತ್ತದೆ. ಯಂತ್ರದ ಪಂಪು ಮತ್ತು ನೀರು ಒಳಬಿಡುವ ವಾಲ್ವಿನಲ್ಲಿ ಒಂದಿಷ್ಟು ನೀರು ಸದಾ ನಿಂತಿರುತ್ತದೆ. ಅದು ಹೆಪ್ಪುಗಟ್ಟಿದರೆ ವಾಲ್ವಿನ ಪ್ಲಾಸ್ಟಿಕ್ ಸೀಳುತ್ತದೆ, ಮತ್ತು ಅದು ಸೀಳಿರುವುದು ಮುಂದಿನ ವಸಂತದಲ್ಲಿ ನೀರು ತಿರುಗಿಸುವವರೆಗೆ ತಿಳಿಯುವುದಿಲ್ಲ. ಆರ್‌ವಿಗಳಿಗೆಂದೇ ಮಾರುವ ಗುಲಾಬಿ ಬಣ್ಣದ ಆ್ಯಂಟಿಫ್ರೀಜನ್ನು, ಅಂದರೆ ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು, ನೀರು ಒಳಬರುವ ಕೊಳವೆಯಿಂದ ಒಳಬಿಟ್ಟು, ಡ್ರೈನಿನ ತುದಿಯಲ್ಲಿ ಗುಲಾಬಿ ಬಣ್ಣ ಕಾಣುವವರೆಗೆ ಯಂತ್ರವನ್ನು ಓಡಿಸಿರಿ. ಕಾರಿನ ರೇಡಿಯೇಟರಿಗೆ ಹಾಕುವ ಆ್ಯಂಟಿಫ್ರೀಜ್ ವಿಷ, ಅದನ್ನು ಇಲ್ಲಿಗೆ ತರಲೇಬಾರದು. ವಸಂತದಲ್ಲಿ ಪಾತ್ರೆ ಇಡುವ ಮೊದಲು ಎರಡು ಸುತ್ತು ಖಾಲಿ ಓಡಿಸಿರಿ, ಆ 22 ಲೀಟರನ್ನು ಗ್ರೇ ಟ್ಯಾಂಕಿನ ಲೆಕ್ಕಕ್ಕೆ ಸೇರಿಸಲು ಮರೆಯದಿರಿ.